ನಾಲ್ಕನೆಯ ಗುಳಿ

ಸಿರಿವಾಡಪುರದ ಮೂಡಣ ಬಾಗಿಲಿನಿಂದ ಅರಮನೆಯವರೆಗೆ ಹರಡಿದ್ದ ರಾಜಬೀದಿಯ ಒಂದು ತುದಿಯಲ್ಲಿ ಕೇದಾರೇಶ್ವರನ ಗುಡಿಯ ಚಿನ್ನದ ಕಲಶವೂ ಇನ್ನೊಂದು ತುದಿಯಲ್ಲಿ ಪಾರ್ಶ್ವನಾಥ ಬಸದಿಯ ಮಾನಸ್ತಂಭವೂ ಎದುರುಬದುರು ನಿಂತಿದ್ದವು. ನಡುವೆ ಮುತ್ತು, ಕರ್ಪೂರ, ಪಟ್ಟೆವಸ್ತ್ರಗಳ ಅಂಗಡಿಸಾಲು. ಪರದೇಶದ ವರ್ತಕರು ಈ ನಗರವನ್ನು ಅಮರಾವತಿಯೆಂದು ಹೊಗಳಿ ಸುಂಕ ಇಳಿಸಿಕೊಳ್ಳುತ್ತಿದ್ದರು. ಆ ಚೈತ್ರದ ಬೆಳಗ್ಗೆ ಹೊಗಳುವವರು ಯಾರೂ ಇರಲಿಲ್ಲ. ಅಂಗಡಿಗಳ ಜಾಗದಲ್ಲಿ ಕರಿಹಿಡಿದ ಕಂಬಗಳಿದ್ದವು, ಗಾಣಿಗರ ಕೇರಿಯಲ್ಲಿ ಇನ್ನೂ ಹೊಗೆಯಾಡುತ್ತಿತ್ತು.

ಆ ಬೂದಿಯನ್ನು ತುಳಿಯುತ್ತ ರೂವಾರಿ ಬಮ್ಮೋಜ ಆಸ್ಥಾನಕ್ಕೆ ಹೊರಟಿದ್ದ. ಗುಡಿಯ ಲಿಂಗವನ್ನೂ ಬಸದಿಯ ಜಿನಬಿಂಬವನ್ನೂ ಕಂಡರಿಸಿದವನು ಇವನೇ. ಎಡಗೈಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದುದರಿಂದ ಊರೆಲ್ಲ ಅವನನ್ನು ಎಡಗೈ ಬಮ್ಮೋಜನೆಂದೇ ಕರೆಯುತ್ತಿತ್ತು. ಇಂದು ಮಧ್ಯಾಹ್ನದೊಳಗೆ ಆ ಎಡಗೈಯನ್ನು ಕತ್ತರಿಸಬೇಕೆಂದು ರಾಜಾಜ್ಞೆಯಾಗಿತ್ತು.

ನಡೆದದ್ದಿಷ್ಟು. ಉತ್ಸವ ಯಾವ ಬೀದಿಯಲ್ಲಿ ಮೊದಲು ಹೋಗಬೇಕೆಂದು ಶೈವರಿಗೂ ಜೈನರಿಗೂ ಸಣ್ಣ ಜಗಳವಾಯಿತು. ದಂಡನಾಯಕ ಕಾಮೆಯ ಕೂಡಲೇ ಎರಡು ದೇವಾಲಯಗಳಿಗೂ ಬೀಗ ಜಡಿದು, ರಕ್ಷಣೆಯ ನೆಪದಲ್ಲಿ ತನ್ನ ಭಟರನ್ನು ಕಾವಲಿಟ್ಟ. ನಾಲ್ಕನೆಯ ದಿನ ಬಾಗಿಲು ತೆರೆದರೆ ಅಲ್ಲಿ ಲಿಂಗ ಸೀಳಿತ್ತು, ಇಲ್ಲಿ ಜಿನಬಿಂಬ ಸೊಂಟದಿಂದ ತುಂಡಾಗಿತ್ತು. ಜೈನರು ಗೋಡೆ ಹಾರಿ ಬಂದರೆಂದು ಶೈವರು, ಶೈವರು ಹಾರಿ ಬಂದರೆಂದು ಜೈನರು. ಇಷ್ಟು ಭಟರ ಕಣ್ಣು ತಪ್ಪಿಸಿ ಅದು ಹೇಗೆ ಸಾಧ್ಯವೆಂದು ಕೇಳುವಷ್ಟು ಬುದ್ಧಿ ಆ ಮಹಾನಗರದ ಒಬ್ಬ ಪಂಡಿತನಿಗೂ ಇರಲಿಲ್ಲ. ಬುದ್ಧಿಯ ಬದಲು ಎಲ್ಲರೂ ಕೊಳ್ಳಿ ಹಿಡಿದರು. ನಲವತ್ತು ಮನೆ ಸುಟ್ಟವು. ಬಮ್ಮೋಜನ ಉಳಿಗಳಿಗೆ ಮೂವತ್ತು ವರ್ಷ ಎಣ್ಣೆ ಕೊಟ್ಟಿದ್ದ ಗಾಣಗಿತ್ತಿ ಮಾಚಕ್ಕ, ಯಾರ ತಂಟೆಗೂ ಹೋಗದ ಮುದುಕಿ, ಗಾಣದ ಪಕ್ಕದಲ್ಲೇ ಬೆಂದುಹೋದಳು.

ಅರಸ ಕೇತಭೂಪಾಲನದು ಹಿತ್ತಾಳೆ ಕಿವಿ. ಕಾಮೆಯ ಊದಿದ್ದನ್ನೆಲ್ಲ ನಂಬಿ, ನಗರದ ಕಾವಲನ್ನು ಪೂರ್ತಿಯಾಗಿ ಅವನ ಕೈಗೊಪ್ಪಿಸಿ, ಜೈನರು ತಪ್ಪಿತಸ್ಥರೆಂದೂ ಅವರನ್ನು ಗಡೀಪಾರು ಮಾಡತಕ್ಕದ್ದೆಂದೂ ಶಾಸನ ಬರೆಸಿದ. ಅದನ್ನು ಕಲ್ಲಿನಲ್ಲಿ ಕಡೆಯಬೇಕಾದ ಬಮ್ಮೋಜ, ಒಡೆದ ಮೂರ್ತಿಗಳನ್ನು ಒಮ್ಮೆ ನೋಡಿ ಬಂದು, ಕಡೆಯುವುದಿಲ್ಲವೆಂದುಬಿಟ್ಟ. ಕೈ ಕಡಿಸುವ ಆಜ್ಞೆ ಹೊರಟದ್ದು ಅದಕ್ಕೆ. ಕೈ ಹೋಗುವ ಮುನ್ನ ಎರಡು ಮೂರ್ತಿಗಳ ತುಂಡುಗಳನ್ನೂ ಆಸ್ಥಾನಕ್ಕೆ ತರಿಸಿ ತನ್ನ ಒಂದು ಮಾತನ್ನು ಕೇಳಬೇಕೆಂದು ಅವನು ಬೇಡಿದ್ದ. ಕೊನೆಯ ಬೇಡಿಕೆಯೆಂದು ಅರಸ ಒಪ್ಪಿದ್ದ.

ಆಸ್ಥಾನದಲ್ಲಿ ಗುಡಿಯ ಆಚಾರ್ಯ ಈಶಾನಶಕ್ತಿ ಒಂದು ಬದಿಗೆ, ಬಸದಿಯ ಗುಣಕೀರ್ತಿ ಭಟ್ಟಾರಕರು ಇನ್ನೊಂದು ಬದಿಗೆ ಮುಖ ತಿರುಗಿಸಿ ಕುಳಿತಿದ್ದರು.

"ಮಹಾಪ್ರಭು, ಸಿಟ್ಟಿನಿಂದ ನುಗ್ಗಿದ ಜನ ಕಲ್ಲನ್ನು ಕುಟ್ಟುತ್ತಾರೆ. ಇದನ್ನು ಯಾರೂ ಕುಟ್ಟಿಲ್ಲ," ಎಂದ ಬಮ್ಮೋಜ. "ಸಾಲಾಗಿ ಗುಳಿ ತೋಡಿ, ಬೆಣೆ ಬಡಿದು, ಲೆಕ್ಕವಾಗಿ ಸೀಳಿದ್ದಾರೆ. ಎರಡರಲ್ಲೂ ಗುಳಿಗಳ ನಡುವೆ ಮೂರು ಬೆರಳು. ಪ್ರತಿ ನಾಲ್ಕನೆಯ ಗುಳಿ ಮಾತ್ರ ಉಳಿದವುಗಳ ಎರಡರಷ್ಟು ಆಳ. ಈ ನಾಡಿನಲ್ಲಿ ಹಾಗೆ ತೋಡುವವನು ನಾನೊಬ್ಬನೇ."

ಸಭೆ ಗುಜುಗುಜು ಎಂದಿತು. ಕಾಮೆಯ ನಕ್ಕ.

"ಕೇಳಿದಿರಾ ಪ್ರಭು? ಕಳ್ಳ ತಾನೇ ಒಪ್ಪಿಕೊಂಡ. ಇನ್ನು ಕೈಯಲ್ಲ, ತಲೆಯನ್ನೇ ತೆಗೆಸಬೇಕು."

"ನಾನೊಬ್ಬ, ಮತ್ತು ನಾನು ಕಲಿಸಿದವರು," ಎಂದ ಬಮ್ಮೋಜ. "ಹತ್ತು ವರ್ಷದ ಹಿಂದೆ ಶತ್ರುಗಳ ಕೋಟೆ ಒಡೆಯಲು ನಿಮ್ಮ ದಂಡಿನವರಿಗೆ ನಾನೇ ಈ ವಿದ್ಯೆ ಹೇಳಿಕೊಟ್ಟೆ, ದಂಡನಾಯಕರೆ. ಗೋಡೆಗಷ್ಟೇ ಎಂದು ನಂಬಿದ ಮೂರ್ಖ ನಾನು. ಆದರೆ ನನ್ನ ಬೆಣೆ ಹುಣಸೆಯ ಕೊರಡು. ಅದಕ್ಕೆ ನೀರುಣಿಸಿ, ಅದು ಉಬ್ಬಿ ಕಲ್ಲನ್ನು ಬಿರಿಸುವ ತನಕ ದಿನವಿಡೀ ಕಾಯಬೇಕು. ಇಲ್ಲಿ ಕಾಯುವ ತಾಳ್ಮೆಯಿರಲಿಲ್ಲ, ಕಬ್ಬಿಣ ಬಡಿದಿದ್ದಾರೆ. ಎರಡು ಕಲ್ಲಿನಲ್ಲೂ ನಾಲ್ಕನೆಯ ಗುಳಿಯ ಆಳದಲ್ಲಿ ಒಂದೊಂದು ಬೆಣೆ ಸಿಕ್ಕಿಕೊಂಡು ಉಳಿದಿದೆ. ಆಯುಧಶಾಲೆಯ ಕಬ್ಬಿಣಕ್ಕೆಲ್ಲ ಪಕ್ಕದಲ್ಲಿ ಮುದ್ರೆ ಒತ್ತಿರುತ್ತಾರೆ. ಇದರ ಮೇಲೆ ಮುದ್ರೆಯಿಲ್ಲದಿದ್ದರೆ ನನ್ನ ತಲೆ ತೆಗೆಯಿರಿ."

"ತೆಗೆದು ತೋರಿಸು," ಎಂದ ಅರಸ.

"ತೆಗೆಯಬೇಕಾದರೆ ಒಂದು ಕಲ್ಲನ್ನು ಇನ್ನೊಮ್ಮೆ ಸೀಳಬೇಕು, ಪ್ರಭು."

ಕಾಮೆಯನ ಮುಖಕ್ಕೆ ಮತ್ತೆ ಕಳೆ ಬಂತು. ಭಿನ್ನವಾದ ಮೂರ್ತಿಯನ್ನು ವಿಧಿಪೂರ್ವಕವಾಗಿ ಮಡುವಿಗೆ ಬಿಡುವ ತನಕ ಅದಕ್ಕೆ ಲೋಹ ಸೋಕಬಾರದೆಂಬುದು ಶೈವರಿಗೂ ಜೈನರಿಗೂ ಕಟ್ಟಳೆ. ಪುಣ್ಯಾತ್ಮರು ತಮ್ಮ ತಮ್ಮ ಮಡಿಯನ್ನೇ ನೋಡಿಕೊಳ್ಳುತ್ತಾರೆಂಬ ಧೈರ್ಯದ ಮೇಲೆಯೇ ಅವನಂಥವರ ಬದುಕು ನಿಂತಿರುವುದು. ಈಶಾನಶಕ್ತಿ ಎದ್ದು, "ಲಿಂಗಕ್ಕೆ ಉಳಿ ತಾಗಿಸಲು ನಾನು ಒಪ್ಪಲಾರೆ," ಎಂದ. ಬಮ್ಮೋಜ ತನ್ನ ಎಡಗೈಯನ್ನು ಒಮ್ಮೆ ನೋಡಿಕೊಂಡ.

ಆಗ ವಯೋವೃದ್ಧರಾದ ಭಟ್ಟಾರಕರು ಮೆಲ್ಲಗೆ ಬಾಯಿ ತೆರೆದರು. "ಆಚಾರ್ಯರ ಸಂಕಟ ನನಗೆ ಅರ್ಥವಾಗುತ್ತದೆ, ನನ್ನದೂ ಅದೇ. ರೂವಾರಿ, ಲಿಂಗವನ್ನು ಮುಟ್ಟಬೇಡ. ನಮ್ಮ ಬಿಂಬವನ್ನು ಸೀಳು. ಪಾಪ ನನಗಿರಲಿ."

ಬಮ್ಮೋಜ ಉಳಿಯನ್ನೆತ್ತಿಕೊಂಡು ಬಿಂಬದ ಕಡೆಗೆ ಎರಡು ಹೆಜ್ಜೆ ಇಟ್ಟಿರಬಹುದು.

"ನಿಲ್ಲು," ಎಂದ ಈಶಾನಶಕ್ತಿ. "ಶೈವರು ತಮ್ಮ ದೇವರನ್ನು ಬಚ್ಚಿಟ್ಟುಕೊಂಡು ಜೈನರ ದೇವರನ್ನು ಒಡೆಸಿದರೆಂದು ನಾಳೆ ಊರು ಆಡಿಕೊಳ್ಳುವುದು ಬೇಡ. ಲಿಂಗವನ್ನೇ ಸೀಳು. ಕಲ್ಲು ಅಲುಗದಂತೆ ನಾನು ಹಿಡಿದುಕೊಳ್ಳುತ್ತೇನೆ."

ಅವನು ನೆಲದ ಮೇಲೆ ಕುಳಿತು ಕಲ್ಲನ್ನು ಹಿಡಿದ. ಎದುರಿಗೆ ಭಟ್ಟಾರಕರು ಬಂದು ಕುಳಿತು ಇನ್ನೊಂದು ಬದಿಯನ್ನು ಹಿಡಿದರು. ಆ ನಾಲ್ಕು ಕೈಗಳನ್ನು ನೋಡಿದಾಗ ಬಮ್ಮೋಜನಿಗೆ ಸಂತೋಷವಾಗಲಿಲ್ಲ. ಅಷ್ಟು ದಿನ ಅದುಮಿಟ್ಟಿದ್ದ ಸಿಟ್ಟು ನೆತ್ತಿಗೇರಿತು.

"ಇದನ್ನು ಹತ್ತು ದಿನ ಮೊದಲು ಮಾಡಲಿಲ್ಲವಲ್ಲ, ಸ್ವಾಮಿ," ಎಂದ. "ಬಾಗಿಲು ತೆರೆದ ದಿನ ನೀವಿಬ್ಬರೂ ಹೀಗೆ ಒಂದು ಕಲ್ಲಿನ ಮುಂದೆ ಕೂತಿದ್ದರೆ ಗುಳಿಗಳು ನಿಮ್ಮ ಕಣ್ಣಿಗೂ ಬೀಳುತ್ತಿದ್ದವು. ದೇವರು ಒಡೆದರೆ ನಾನು ಇನ್ನೊಂದು ಮಾಡಿಕೊಡುತ್ತಿದ್ದೆ. ಮಾಚಕ್ಕನನ್ನು ಯಾವ ಕಲ್ಲಿನಲ್ಲಿ ಮಾಡಲಿ?"

ಬಮ್ಮೋಜ ಉಳಿಯಿಟ್ಟು ಎಡಗೈಯಿಂದ ಒಂದೇ ಪೆಟ್ಟು ಹಾಕಿದ. ಕಲ್ಲು ಬಾಯಿಬಿಟ್ಟಿತು, ಬೆಣೆ ನೆಲಕ್ಕೆ ಬಿತ್ತು. ಅರಸನೇ ಕೆಳಗಿಳಿದು ಬಂದು ಅದನ್ನೆತ್ತಿ, ಅದರ ಪಕ್ಕದಲ್ಲಿದ್ದ ಆಯುಧಶಾಲೆಯ ಆನೆಮುದ್ರೆಯನ್ನು ಬಹಳ ಹೊತ್ತು ನೋಡಿದ. ಕಾಮೆಯ ಕತ್ತಿಗೆ ಕೈಹಾಕುವಷ್ಟರಲ್ಲಿ ಅಂಗರಕ್ಷಕರು ಅವನನ್ನು ಕೆಡವಿಕೊಂಡಿದ್ದರು. ಊರಿನಲ್ಲಿ ಗಲಭೆ ಆರದಿದ್ದಷ್ಟು ದಿನ ಕಾವಲು ತನ್ನದು, ಕಾವಲಿದ್ದವನಿಗೆ ಸಿಂಹಾಸನ ದೂರವಲ್ಲವೆಂಬುದೇ ತನ್ನ ಲೆಕ್ಕಾಚಾರವಾಗಿತ್ತೆಂದು ಅವನು ಸಂಜೆಯೊಳಗೆ ಬಾಯಿಬಿಟ್ಟ.

ಅರಸ ನಾಚಿ, ಬಮ್ಮೋಜನಿಗೆ ಬಿರುದನ್ನೂ ಉಂಬಳಿಯನ್ನೂ ಕೊಡಬಂದ. ಬಮ್ಮೋಜ ಎರಡನ್ನೂ ಬೇಡವೆಂದು, ಗಡೀಪಾರಿನ ಶಾಸನಕ್ಕೆಂದು ನಯಗೊಳಿಸಿಟ್ಟಿದ್ದ ಕಲ್ಲನ್ನು ಕೇಳಿ ಪಡೆದ. ಅದರ ನೆತ್ತಿಯಲ್ಲಿ ಲಿಂಗವನ್ನೂ ಕಡೆಯಲಿಲ್ಲ, ಜಿನನನ್ನೂ ಕಡೆಯಲಿಲ್ಲ, ಅರಸನ ಲಾಂಛನವನ್ನೂ ಕಡೆಯಲಿಲ್ಲ, ಸೂರ್ಯಚಂದ್ರರನ್ನಷ್ಟೇ ಕಡೆದ. ಕೆಳಗೆ, ಉತ್ಸವದ ಬೀದಿಗಾಗಿ ಇನ್ನು ಕಾದಾಡುವುದಿಲ್ಲವೆಂಬ ಶೈವ ಜೈನರಿಬ್ಬರ ಒಪ್ಪಂದ. ಶಾಸನದ ಕೊನೆಗೆ, ಮುರಿದವರಿಗೆ ಶಾಪ ಹಾಕುವುದು ವಾಡಿಕೆ. ಎದುರಾಳಿಗೆ ಹಾಕಲು ಯಾರಿಗೂ ಮಾತು ಸಾಲದೆ ಹೋಗುವುದಿಲ್ಲ. ಬಮ್ಮೋಜ ಅದಕ್ಕೆ ಆಸ್ಪದ ಕೊಡಲಿಲ್ಲ. ಒಪ್ಪಂದ ಮುರಿದ ಶೈವನಿಗೆ ಏನಾಗಬೇಕೆಂಬುದನ್ನು ಈಶಾನಶಕ್ತಿಯೇ ಹೇಳಿದ, ಜೈನನಿಗೆ ಏನಾಗಬೇಕೆಂಬುದನ್ನು ಭಟ್ಟಾರಕರೇ ಹೇಳಿದರು.

ಎಲ್ಲಕ್ಕಿಂತ ಕೆಳಗೆ ರೂವಾರಿ ತನ್ನ ಹೆಸರನ್ನೂ ಬಿರುದುಗಳನ್ನೂ ಕಡೆದುಕೊಳ್ಳುವ ಜಾಗವಿರುತ್ತದೆ. ಬಮ್ಮೋಜ ಅಲ್ಲಿ ಮೂರನೆಯ ಶಾಪವನ್ನು ಕಡೆದ: ಒಡೆಯುವ ವಿದ್ಯೆಯನ್ನು ಯಾರ ಕೈಗೆಂದು ವಿಚಾರಿಸದೆ ಕೊಟ್ಟವನಿಗೆ ಗಾಣಗಿತ್ತಿ ಮಾಚಕ್ಕನನ್ನು ಸುಟ್ಟ ಪಾಪ. ಅದರ ಮುಂದೆ ತನ್ನ ಹೆಸರನ್ನು, ಬಿರುದಿಲ್ಲದೆ, ಬರಿದಾಗಿ ಬರೆದು ಸುತ್ತಿಗೆಯನ್ನು ಕೆಳಗಿಟ್ಟ.