ಮೂರನೇ ತೂಬು

"ಮೂರನೇ ತೂಬಿಗೆ ಮಾತ್ರ ಕೈ ಹಾಕಬೇಡಿ ಅಮ್ಮಾ. ಅದಕ್ಕೆ ಮಾಟದ ಕಟ್ಟು ಬಿದ್ದಿದೆ," ಎಂದ ನೀರುಗಂಟಿ. ನಲವತ್ತು ವರ್ಷ ಕಾಲುವೆಗಳಿಗೆ ನೀರು ಬಿಟ್ಟು ಅಂಗೈಯ ಗೆರೆಗಳನ್ನೇ ಸವೆಸಿಕೊಂಡ ಮುದುಕ ಅವನು.

ಹೊಸದಾಗಿ ಬಂದಿದ್ದ ಇಂಜಿನಿಯರಮ್ಮ ನಕ್ಕುಬಿಟ್ಟಳು. "ಕಟ್ಟೂ ಇಲ್ಲ, ಗಂಟೂ ಇಲ್ಲ ಅಜ್ಜ. ತುಕ್ಕು ಅಷ್ಟೆ. ಮಂತ್ರಕ್ಕಿಂತ ಗ್ರೀಸು ಮೇಲು."

ನದಿಗೆ ಅಡ್ಡಲಾಗಿದ್ದ ಆ ಹಳೆಯ ಕಲ್ಲಿನ ಒಡ್ಡಿಗೆ ಮೂರು ತೂಬುಗಳು. ಎರಡರ ನೀರು ಮೇಲಿನ ಬಯಲಿಗೆ, ಮೂರನೆಯದು ಕೆಳಗಿನ ಊರುಗಳಿಗೆ. ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಲ್ಲಿ ತೇಲಿಬಿಟ್ಟು, ಅದು ಮುಳುಗುವಷ್ಟು ಹೊತ್ತು ಒಬ್ಬರ ಪಾಳಿ ಎಂದು ಎರಡೂ ಕಡೆಯವರು ತಲೆಮಾರುಗಟ್ಟಲೆ ಹಂಚಿಕೊಂಡು ಬದುಕಿದ್ದರು. ಆಮೇಲೆ ಮೇಲಿನವರು ಹೊಸ ಕಾಲುವೆ ತೋಡಿದರು. ಒಂದು ಬೆಳೆ ಎರಡಾಯಿತು, ಎರಡು ಮೂರಾಯಿತು, ಆಸೆಗೆ ದಡವೇ ಇಲ್ಲದಂತಾಯಿತು. ಮೂರನೇ ತೂಬನ್ನು ಮುಚ್ಚಿದರು. ಕೆಳಗಿನವರು ಕದ್ದು ತೆಗೆಯತೊಡಗಿದಾಗ ಮೇಲಿನವರು ಎಲ್ಲಿಂದಲೋ ಒಬ್ಬ ಮಾಟಗಾರನನ್ನು ಕರೆಸಿದರು. ಈಗ, ತೊಂಬತ್ತು ವರ್ಷಗಳ ಮೇಲೆ, ನ್ಯಾಯಾಲಯ ಕೆಳಗಿನವರ ಪಾಲನ್ನು ಎತ್ತಿಹಿಡಿದಿತ್ತು. ನೀರು ಬಿಡುವ ಕೆಲಸ ಇವಳದು.

"ಏನು ಮಾಡಿದನಂತೆ ನಿಮ್ಮ ಮಾಟಗಾರ?"

"ತೆಗೆದವರ ಮನೆಯ ನೀರೆಲ್ಲ ಆರಿಹೋಗಲಿ ಅಂತ..." ಮುದುಕನ ದನಿ ಇಳಿಯಿತು. "ಮನೇಲಿ ಯಾರಿದ್ದಾರೆ ನಿಮಗೆ?"

"ಅಮ್ಮ. ಅವಳ ಬಾಯಿಗೆ ಮಾಟಗಾರನೇ ಹೆದರಬೇಕು!"

ಬೆಳಗಿನ ಹತ್ತು ಗಂಟೆಗೆ ಅವಳೇ ಚಕ್ರ ತಿರುಗಿಸಿದಳು. ಕಬ್ಬಿಣದ ಹಲಗೆ ನರಳುತ್ತ ಮೇಲೆದ್ದಿತು. ಒಳಗಿನ ಕತ್ತಲಿಂದ ಕೂದಲು ಸುಟ್ಟ ಕಮಟು ವಾಸನೆ ಮುಖಕ್ಕೆ ಬಡಿಯಿತು. ಹೊಸ್ತಿಲುಗಲ್ಲಿನ ಸಂದಿಯಲ್ಲಿ ಮೊಳೆ ಚುಚ್ಚಿದ ಸೀಸದ ತಗಡು, ಅದಕ್ಕೆ ಸುತ್ತಿದ ಉದ್ದನೆಯ ಜಡೆ. ಕೋಲಿನಿಂದ ಮೀಟಲು ನೋಡಿದಳು, ಅಲುಗಲಿಲ್ಲ. ಅಷ್ಟರಲ್ಲಿ ಕಟ್ಟಿಕೊಂಡಿದ್ದ ಹೂಳು ಒಡೆದು ನೀರು ನುಗ್ಗಿತು. ಯಾರೋ ಗಂಟಲು ತುಂಬ ಗಟಗಟ ಕುಡಿದಂಥ ಸದ್ದು.

ಕೆಳಗೆ, ದೂರದಲ್ಲಿ, ಜನ ಕೂಗಿ ಕುಣಿಯುತ್ತ ಕಾಲುವೆಗೆ ಇಳಿಯುತ್ತಿದ್ದರು. ಅವಳ ಎದೆ ತುಂಬಿ ಬಂತು. ಮುದುಕ ಮಾತ್ರ ಅವಳ ಮನೆಯ ಕಡೆ ನೋಡುತ್ತಿದ್ದ.

ಮನೆ ಒಡ್ಡಿನ ಪಕ್ಕದಲ್ಲೇ. ಮಧ್ಯಾಹ್ನ ಊಟಕ್ಕೆಂದು ಹೋದಳು. ಬಾಗಿಲು ದಾಟುತ್ತಲೇ ಅದೇ ಕಮಟು. ಅಡುಗೆಮನೆಯ ಕೊಡ ಒಣಗಿತ್ತು. ನಲ್ಲಿ ತಿರುಗಿಸಿದರೆ ಬರೀ ಉಸಿರು. ಕಿಟಕಿಯ ಹೂಕುಂಡದ ಮಣ್ಣು ಬಿರುಕು ಬಿಟ್ಟಿತ್ತು.

"ಬಾಯಾರಿಕೆ ಕಣೇ..."

ಕುರ್ಚಿಯಲ್ಲಿ ಅಮ್ಮ. ಬೆಳಿಗ್ಗೆಯಷ್ಟೇ ಉಪ್ಪು ಹೆಚ್ಚಾಯಿತೆಂದು ಮಗಳನ್ನು ಬೈದಿದ್ದ ಬಾಯಿ ಬಿರಿದಿತ್ತು. ಕೆನ್ನೆಯ ಚರ್ಮ ಎಲುಬಿಗೆ ಅಂಟಿತ್ತು. ಕಣ್ಣು ಮಿಟುಕಿಸಿದರೆ ಕಾಗದ ಉಜ್ಜಿದ ಸದ್ದು. ಮಗಳು ಚೀಲದಲ್ಲಿದ್ದ ಬಾಟಲಿ ಬಗ್ಗಿಸಿದಳು. ಒಂದು ಹನಿಯೂ ಇಲ್ಲ. ಪಕ್ಕದ ಮನೆಗೆ ಓಡಿ ಕೊಡ ತುಂಬಿಸಿ ತಂದಳು. ಹೊಸ್ತಿಲು ದಾಟಿದೊಡನೆ ಸೊಂಟದ ಮೇಲಿನ ಭಾರ ಇಳಿಯಿತು. ಕೊಡ ಬರಿದು. ಅಮ್ಮನನ್ನೇ ಹೊರಗೆ ಒಯ್ಯೋಣವೆಂದು ಎತ್ತಿದಳು. ತೋಳಲ್ಲಿ ಒಣಸೌದೆಯಷ್ಟೇ ತೂಕ. ಅಮ್ಮನ ಬೆರಳೊಂದು ಚಟ್ಟೆಂದಿತು.

ಮತ್ತೆ ಕೂರಿಸಿದಳು. ಓಡಿದಳು.

ಮುದುಕ ಚಕ್ರದ ಪಕ್ಕದಲ್ಲೇ ನಿಂತಿದ್ದ. "ಮುಚ್ಚಿ ಅಜ್ಜಾ! ಬೇಗ!"

"ತೆಗೆದ ಕೈಯೇ ಮುಚ್ಚಬೇಕು."

ಅವಳ ಕೈ ಚಕ್ರದ ಮೇಲೆ ತಡೆಯಿತು. ಕೆಳಗೆ ಹೆಂಗಸರು ಮಕ್ಕಳ ತಲೆಗೆ ನೀರೆರೆಯುತ್ತಿದ್ದರು.

"ನಾನೂ ಒಮ್ಮೆ ಇದನ್ನ ತೆಗೆದು ಹೀಗೇ ನೋಡ್ತಾ ನಿಂತೆ," ಎಂದ ಮುದುಕ. "ಅವರ ಸಂತೋಷ ನೋಡ್ತಾ."

"ಮನೇಲಿ ಯಾರಿದ್ದರು?"

"ಹೆಂಡತಿ."

ಅವಳು ತಿರುಗಿಸಿದಳು. ಅಂಗೈ ಸುಲಿಯಿತು. ತಿರುಗಿಸಿದಳು. ಹಲಗೆ ಇಳಿಯಿತು. ನೀರಿನ ಸದ್ದು ಸಣ್ಣಗಾಯಿತು. ನಿಂತಿತು.

ಅವಳು ಮನೆ ಮುಟ್ಟುವಷ್ಟರಲ್ಲಿ ನಲ್ಲಿ ಭೋರೆಂದು ಸುರಿಯುತ್ತಿತ್ತು. ಅಮ್ಮ ನೆಲಕ್ಕೆ ಕೂತು ಚೊಂಬಿನ ಮೇಲೆ ಚೊಂಬು ಕುಡಿದಳು. ಬಣ್ಣ ಮರಳಿತು, ದನಿ ಮರಳಿತು. ಕಣ್ಣು ಮಾತ್ರ ಮರಳಲಿಲ್ಲ. "ದೀಪ ಹಾಕೇ, ಮಟಮಟ ಮಧ್ಯಾಹ್ನ ಏನಿದು ಕತ್ತಲೆ?" ಎಂದಳು.

ಮೂರು ಗಂಟೆಯ ಹೊತ್ತಿಗೆ ಕೆಳಗಿನ ಊರಿನ ಹೆಂಗಸೊಬ್ಬಳು ಕಾಲುವೆಗುಂಟ ನಡೆದು ಬಂದಳು. ಮೊಣಕಾಲಿನ ತನಕ ಹಸಿ ಕೆಸರು.

"ಅಕ್ಕಾ, ನೀರು ನಿಂತುಹೋಯ್ತು. ಮತ್ತೆ ಯಾವಾಗ ಬಿಡ್ತೀರಿ?"

ಇಂಜಿನಿಯರಮ್ಮ ಸುಲಿದ ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ತೂಬು ಕೆಟ್ಟಿದೆ," ಎಂದಳು. "ರಿಪೇರಿ ಆಗಲ್ಲ."

ಹೆಂಗಸು ಮುಚ್ಚಿದ ಹಲಗೆಯ ಕಡೆ ಒಮ್ಮೆ ನೋಡಿದಳು. "ಇರಲಿ ಬಿಡಿ ಅಕ್ಕಾ. ನೀವಾದರೂ ತೆಗೆಯೋಕೆ ನೋಡಿದಿರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದು ಕೈಮುಗಿದು, ಕಾಲಿನ ಕೆಸರು ಒಣಗುವ ಮುಂಚೆ ಊರು ಸೇರಬೇಕೆಂಬಂತೆ ಬೇಗ ಬೇಗ ಇಳಿದು ಹೋದಳು.