ಬಸವಣ್ಣನಿಗೆ ಮೊದಲ ಹಿಡಿ

"ಯಾರ್ರಿ ಇದನ್ನ ಕೊಯ್ದೋರು?"

ಎರಡು ತಿಂಗಳಲ್ಲಿ ಮೊದಲ ಸಲ ಯೋಗೀಶ ಚಂದ್ರಕಲಾಳ ಮುಖವನ್ನು ನೇರವಾಗಿ ನೋಡಿದ. ಅದೂ ಸಿಟ್ಟಿನಲ್ಲಿ! ಅಲ್ಲಿಯವರೆಗೆ ಆ ಪುಣ್ಯಾತ್ಮ ನೋಡಿದ್ದೆಲ್ಲ ಬರೀ ಹುಲ್ಲು.

ಅವನು ಪಶು ಇಲಾಖೆಯವನು, ರಾಯದುರ್ಗದ ಕಡೆಯ ಹುಡುಗ. ದಿಬ್ಬದ ಜಮೀನಿಗೆ ಯಾವ ಮೇವು ಒಗ್ಗುತ್ತದೆ ಎಂದು ತಿಳಿಯಲು ಗುಡಿಬಂಡೆಯ ಹತ್ತಿರ ದೊಡ್ಡಮಲ್ಲಪ್ಪನವರ ಹೊಲದಲ್ಲಿ ಮೂರು ಮಡಿ ಮಾಡಿಸಿ, ನೇಪಿಯರ್, ಗಿನಿ, ಅಂಜನ್ ಹುಲ್ಲು ಹಾಕಿಸಿದ್ದ. ಪ್ರತಿ ಮಂಗಳವಾರ ಬಂದು ಎತ್ತರ ಅಳೆದು ಬರೆದುಕೊಂಡು ಹೋಗುತ್ತಿದ್ದ. ದೊಡ್ಡಮಲ್ಲಪ್ಪನವರ ಮಗಳು ಚಂದ್ರಕಲಾ ಮಾತ್ರ ಸೋಮವಾರ ಸಂಜೆಯಿಂದಲೇ ದಾರಿ ಕಾಯುತ್ತಿದ್ದಳು. ಅವನಿಗೆ ಮಜ್ಜಿಗೆಯನ್ನೂ ತಾನೇ ತಂದು ಕೊಡುತ್ತಿದ್ದಳು. ಆದರೆ ಮನಸ್ಸಿನಲ್ಲಿದ್ದದ್ದನ್ನು ಹೇಳುವುದು ಹೇಗೆ?

ಅವತ್ತು ಹುಲ್ಲು ಕೊಯ್ದು ತೂಗುವ ದಿನ. ಬಂದು ನೋಡಿದರೆ ಮೂರೂ ಮಡಿಗಳ ಒಂದೊಂದು ಮೂಲೆ ಬೋಳು!

ತಾನೇ ಕೊಯ್ದೆ ಎಂದಳು ಚಂದ್ರಕಲಾ. ಅವರ ಮನೆಯಲ್ಲಿ ಹೊಸ ಬೆಳೆ ಏನೇ ಬರಲಿ, ಮೊದಲ ಹಿಡಿ ಮನೆಯ ಎತ್ತು ಬಸವಣ್ಣನಿಗೆ. ಸೋಮವಾರ ಎತ್ತು ಹೂಡುವುದಿಲ್ಲ. ಅದರ ಮೈ ತೊಳೆದು, ವಿಭೂತಿ ಹಚ್ಚಿ, ಮೂರು ಹುಲ್ಲನ್ನೂ ಮುಂದಿಟ್ಟಿದ್ದಳು. ಅದು ಅಂಜನ್ ಹುಲ್ಲನ್ನು ಕಡ್ಡಿ ಬಿಡದೆ ತಿಂದು ನೇಪಿಯರ್ ದಂಟನ್ನು ಹಾಗೇ ಬಿಟ್ಟಿತು ಎಂದೂ ಹೇಳಿದಳು.

"ನಿಮ್ಮ ಬಸವಣ್ಣ ಬಂದು ನನ್ನ ರಿಪೋರ್ಟ್ ಬರೀತಾನೇನ್ರಿ?"

ಆ ಮಾತು ಚಂದ್ರಕಲಾಳ ಎದೆಗೇ ನಾಟಿತು. 'ಇಷ್ಟು ದಿನ ಇಂಥವನಿಗಾಗಿ ಕಾದೆನಲ್ಲ... ನನಗೆ ಬುದ್ಧಿ ಬೇಡವೇ!'

"ಇನ್ಮೇಲೆ ನಮ್ಮ ಹೊಲದ ಕಡೆ ಬರ್ಬೇಡಿ," ಎಂದುಬಿಟ್ಟಳು.

ಉಳಿದ ಹುಲ್ಲನ್ನು ತೂಗಿ, ಬರೆದುಕೊಂಡು, ಅವನು ಬೈಕ್ ಹತ್ತಿ ಹೋದ.

ಒಂದು ಮಂಗಳವಾರ ಹೋಯಿತು. ಎರಡಾಯಿತು. ಮೂರನೆಯದಕ್ಕೆ ಅವಳ ಹಟವೆಲ್ಲ ಇಳಿದು ಅಳುವೇ ಬಂತು. ಬರಬೇಡ ಎಂದರೆ ನಿಜವಾಗಿಯೂ ಬಾರದೆ ಇರುವುದೇ? ಹುಲ್ಲಿನ ಪರೀಕ್ಷೆಯೂ ಮುಗಿದಿದೆ, ಅವನಿಗೆ ಈ ಊರಲ್ಲಿ ಇನ್ನೇನು ಕೆಲಸ...

ಮಾರನೆಯ ಬೆಳಿಗ್ಗೆ ಕೊಟ್ಟಿಗೆಯ ಮುಂದೆ ಬೈಕ್ ನಿಂತಿತು.

ಯೋಗೀಶ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದ. ತೂಕದಲ್ಲಿ ನೇಪಿಯರೇ ಗೆದ್ದಿತ್ತು, ಹಾಗೇ ಬರೆದಿದ್ದ. ಆದರೆ ಎತ್ತು ದಂಟು ಬಿಟ್ಟಿತೆಂಬ ಅವಳ ಮಾತು ಒಳಗೆ ಕೊರೆಯುತ್ತಿತ್ತು. ತನ್ನ ಮನೆಯ ದನಗಳಿಗೂ ಅದೇ ನೇಪಿಯರ್ ಹಾಕಿ ನೋಡಿದರೆ, ಅವು ಎಲೆ ತಿಂದು ಅರ್ಧಕ್ಕರ್ಧ ದಂಟು ಬಿಟ್ಟವು. ಬಿಟ್ಟದ್ದನ್ನು ಕಳೆದು ನೋಡಿದಾಗ ಈ ದಿಬ್ಬಕ್ಕೆ ಅಂಜನ್ ಹುಲ್ಲೇ ಮೇಲಾಗಿತ್ತು. ರಿಪೋರ್ಟ್ ತಿದ್ದಿ ಕಳಿಸಿದ್ದ.

"ನೀವು ಹೇಳಿದ್ದ ಖರೆ ಇತ್ತು. ನಾನು ಕೇಳಲಿಲ್ಲ. ತಪ್ಪಾತ್ರಿ."

"ಇದ್ನ ಹೇಳಾಕೆ ಆಫೀಸ್ನೋರು ಕಳ್ಸಿದ್ರಾ?" ಚಂದ್ರಕಲಾ ಕೇಳಿದಳು.

"ಯಾರೂ ಕಳಿಸಿಲ್ರಿ. ರಜಾ ಹಾಕಿ ಬಂದೀನಿ." ಈಗ ತಲೆ ಎತ್ತಿ ಅವಳನ್ನೇ ನೋಡಿದ. "ನಿಮ್ಮ ಮುಖ ನೋಡಾಕ ಅಂಜಿ ಬರೀ ಹುಲ್ಲು ನೋಡ್ತಿದ್ದೆ. ಮೂರು ವಾರ ತಡಕೊಂಡೆ, ಆಗಲಿಲ್ಲ. ನಿಮ್ಮನ್ನ ಮದುವಿ ಆಗಬೇಕಂತ ಆಸೆ ಐತಿ. ಮನಸಿಲ್ಲ ಅಂದ್ರ ಹೇಳ್ರಿ, ಹೋಗಿಬಿಡ್ತೀನಿ."

ಚಂದ್ರಕಲಾ ದುಪಟ್ಟಾದಲ್ಲಿ ಕಣ್ಣು ಒರೆಸಿಕೊಂಡಳು. ಎಷ್ಟು ಒರೆಸಿದರೂ ನಿಲ್ಲಲಿಲ್ಲ.

"ಹೋಗೋದೊಂದು ಚೆನ್ನಾಗಿ ಗೊತ್ತು ನಿಮ್ಗೆ. ಕುಂತ್ಕಳಿ. ಅಪ್ಪ ಅಮರಾಪುರದಿಂದ ಇನ್ನೇನು ಬತ್ತಾರೆ. ನಿಮ್ಗೆ ಕೇಳಾಕೆ ಧೈರ್ಯ ಸಾಲ್ದಿದ್ರೆ ನಾನೇ ಕೇಳ್ತೀನಿ."

"ಏನಂತ ಕೇಳ್ತೀರಿ?"

"ಈ ಹುಡ್ಗ ನಂಗೆ ಬೇಕು ಅಂತ."