ಒಬ್ಬನೇ ಬಿಗಿದ ನಟ್ಟು

ಬಾಗಿಲು ತೆಗೆದವಳ ಕೈ ಚಿಲಕದ ಮೇಲೆಯೇ ನಿಂತುಬಿಟ್ಟಿತು.

ಹೊರಗೆ ನಿಂತಿದ್ದವನು ಅವಳ ಗಂಡ. ಹೆಗಲಿಗೆ ಸ್ಪ್ಯಾನರುಗಳ ಚೀಲ, ಮುಖದ ತುಂಬ ಗಡ್ಡ, ಕಣ್ಣು ಮಾತ್ರ ನೆಲದ ಮೇಲೆ. ಮನೆ ಬಿಟ್ಟು ಹೋದಮೇಲೆ ಈ ಮೆಟ್ಟಿಲು ಹತ್ತಿದ್ದು ಇದೇ ಮೊದಲು.

"ಕೆಳಮನೆಯವರು ಫೋನ್ ಮಾಡಿದ್ರು. ಅವರ ಅಡುಗೆಮನೆ ಸೋರ್ತಿದೆಯಂತೆ. ಟಬ್ ನೋಡ್ಬೇಕು."

"ಬೇರೆ ಪ್ಲಂಬರ್ ಯಾರೂ ಸಿಗಲಿಲ್ವಾ ಅವರಿಗೆ?"

ಉತ್ತರ ಅವನ ಬೆನ್ನ ಹಿಂದೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದ ಕೆಳಮನೆ ಅಜ್ಜಿಯಿಂದ ಬಂತು.

"ಸಿಗ್ತಿದ್ರು ಕಣಮ್ಮಾ. ನನಗೆ ಇವನೇ ಬೇಕಿತ್ತು. ನಿಮ್ಮ ಮುನಿಸು ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಳಿ, ನನ್ನ ಒಲೆ ಮೇಲೆ ನೀರು ಬೀಳೋದನ್ನ ಮೊದಲು ನಿಲ್ಸಿ."

ಅಷ್ಟು ಹೇಳಿ ಅಜ್ಜಿ ಇಳಿದು ಹೋದರು. ಬೆಂಕಿ ಹಚ್ಚುವವರಿಗೂ ದೀಪ ಹಚ್ಚುವವರಿಗೂ ಕಡ್ಡಿ ಗೀರುವ ಕೆಲಸ ಒಂದೇ ನೋಡಿ. ಅಜ್ಜಿ ಯಾವುದನ್ನು ಹಚ್ಚಿ ಹೋದರೋ ಅವರಿಗೂ ಗೊತ್ತಿರಲಿಲ್ಲ.

ಅವಳು ಪಕ್ಕಕ್ಕೆ ಸರಿದಳು. ಒಳಗೆ ಬಂದವನ ಕಣ್ಣಿಗೆ ಮೊದಲು ಬಿದ್ದದ್ದು ಗೋಡೆಗೆ ಒತ್ತಿ ಜೋಡಿಸಿಟ್ಟ ಪೆಟ್ಟಿಗೆಗಳು.

"ಎಲ್ಲಿಗೆ?"

"ಅಕ್ಕನ ಮನೆಗೆ. ಭಾನುವಾರ ಈ ಮನೆ ಖಾಲಿ ಮಾಡ್ತಿದ್ದೀನಿ."

"ಮತ್ತೆ... ವಾಪಸ್ಸು?"

"ವಾಪಸ್ ಬರೋಕೆ ಇಲ್ಲೇನಿದೆ?"

ಅವನು ತಲೆ ತಗ್ಗಿಸಿಕೊಂಡು ಬಚ್ಚಲುಮನೆಗೆ ಹೋದ.

ಆ ಟಬ್ಬನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಇವತ್ತು ಬೆಳಿಗ್ಗೆ, ಮೂಟೆ ಕಟ್ಟುವ ಮುಂಚೆ ಕಂಬಳಿಗಳನ್ನು ನೆನೆಸೋಣವೆಂದು ಮುಖ ತಿರುಗಿಸಿಕೊಂಡೇ ನೀರು ತುಂಬಿಸಿದ್ದಳು. ಆ ನೀರೇ ಕೆಳಗೆ ಇಳಿದಿತ್ತು.

ಬಸುರಿಯಾಗಿದ್ದಾಗ ಅವಳಿಗೆ ಅದೇ ಟಬ್ಬು ಪ್ರಾಣವಾಗಿತ್ತು. ಏಳನೇ ತಿಂಗಳು, ಊದಿಕೊಂಡ ಕಾಲು, ಬಿಸಿನೀರಿನ ಸುಖ. "ನೀರು ಹೊರಗೆ ಚೆಲ್ಲಬೇಡ ಕಣೇ, ನೆಲ ಜಾರುತ್ತೆ" ಎಂದು ಅವನು ನೂರು ಸಲ ಹೇಳುತ್ತಿದ್ದ. ಒಂದು ಸಂಜೆ ಟಬ್ಬಿನಿಂದ ಇಳಿದವಳು ಒದ್ದೆ ನೆಲದ ಮೇಲೆ ಕಾಲಿಟ್ಟಳು...

ಮಗು ಉಳಿಯಲಿಲ್ಲ. ಹೆಣ್ಣು ಮಗು ಎಂದು ನರ್ಸ್ ಹೇಳಿದ್ದಷ್ಟೇ ಅವಳ ನೆನಪು.

ಆಮೇಲೆ ದಿನವೂ ಗಂಡನೆದುರು ಅದೇ ಮಾತು. "ನಾನೇ ನೀರು ಚೆಲ್ಲಿರ್ಬೇಕು. ನಿಮ್ಮ ಮಾತು ಕೇಳಲಿಲ್ಲ. ನನ್ನಿಂದಲೇ ಹೋಯ್ತು ನಮ್ಮ ಮಗು." ಅವನು ಕಲ್ಲಿನಂತೆ ಕೂತು ಕೇಳುತ್ತಿದ್ದ. ಒಮ್ಮೆಯೂ ಅಲ್ಲ ಎನ್ನಲಿಲ್ಲ. ಕೊನೆಗೊಂದು ದಿನ ಕೆಲಸಕ್ಕೆಂದು ಹೋದವನು ತನ್ನ ನಲ್ಲಿ-ಪೈಪಿನ ಅಂಗಡಿಯ ಹಿಂದಿನ ಕೋಣೆಯಲ್ಲೇ ಉಳಿದುಬಿಟ್ಟ.

ಮಗುವನ್ನು ಕಳೆದವಳ ಮುಖ ನೋಡಲು ಅವನಿಗೆ ಹೇಸಿಗೆ. ಅವಳು ತಿಳಿದುಕೊಂಡದ್ದು ಇಷ್ಟೇ. ಬೇರೇನು ತಿಳಿದುಕೊಳ್ಳಬೇಕಿತ್ತು, ಪಾಪ?

"ಸ್ವಲ್ಪ ಬರ್ತೀಯಾ?" ಬಚ್ಚಲಿನಿಂದ ಅವನ ದನಿ ಕೇಳಿತು.

ಟಬ್ಬಿನ ಪಕ್ಕದ ಹಲಗೆ ಬಿಚ್ಚಿ, ಅವನು ನೆಲದ ಮೇಲೆ ಮಲಗಿ, ಒಂದು ತೋಳನ್ನು ಅಡಿಗೆ ತೂರಿಸಿದ್ದ.

"ನಾನು ಕೆಳಗಿನಿಂದ ನಟ್ ಬಿಗಿಯುವಾಗ ಮೇಲೆ ನೀರು ಹೋಗೋ ತೂತಿನ ಜಾಲರಿ ತಿರುಗಬಾರದು. ಒಳಗೆ ಕೂತು ಯಾರಾದ್ರೂ ಹಿಡ್ಕೋಬೇಕು. ಇದು ಇಬ್ಬರ ಕೆಲಸ."

"ನಾನು ಅದರೊಳಗೆ ಇಳಿಯಲ್ಲ."

"ಅಜ್ಜಿನ ಇಳಿಸೋಕಾಗುತ್ತಾ?"

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಹಲ್ಲು ಕಚ್ಚಿಕೊಂಡು ಟಬ್ಬಿಗೆ ಇಳಿದಳು. ಜಾಲರಿಯ ಕಿಂಡಿಗೆ ಇಕ್ಕಳದ ಹಿಡಿಗಳನ್ನು ತೂರಿಸಿ ಎರಡೂ ಕೈಯಿಂದ ಹಿಡಿದಳು.

ಅವನು ತೆಗೆದಿಟ್ಟ ಹಳೆಯ ವಾಷರ್ ಟಬ್ಬಿನ ಅಂಚಿನ ಮೇಲಿತ್ತು. ಹಳೆಯದು ಎನ್ನುವಂತಿರಲಿಲ್ಲ. ರಬ್ಬರು ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಒಂದು ಕಡೆ ಮಾತ್ರ ತಿರುಚಿ ಮಡಚಿಕೊಂಡಿತ್ತು.

"ಇದು ಹೊಸದಲ್ವಾ?"

ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು.

"ನಾನು ಈ ಟಬ್ ಬಳಸೋದು ಬಿಟ್ಟು ಎಷ್ಟು ಕಾಲವಾಯ್ತು. ಇದನ್ನ ಯಾವಾಗ ಹಾಕಿದ್ರಿ?"

ಸ್ಪ್ಯಾನರನ್ನು ನೆಲಕ್ಕಿಟ್ಟ ಸದ್ದು ಬಂತು.

"ಕೇಳ್ತಿದ್ದೀನಿ ರೀ."

"ನೀನು ಬೀಳೋದಕ್ಕೆ ಒಂದು ವಾರ ಮುಂಚೆ."

ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ. ತಳದ ತೂತಿನಿಂದ ದನಿಯಷ್ಟೇ ಬರುತ್ತಿತ್ತು.

"ಸ್ವಲ್ಪ ಜಿನುಗ್ತಿತ್ತು. ನಿನ್ನ ಕರೆಯೋಣ ಅಂದ್ಕೊಂಡೆ. ಆ ಹೊಟ್ಟೆ ಹೊತ್ತವಳನ್ನ ಬಗ್ಗಿಸೋದು ಬೇಡ ಅನ್ನಿಸ್ತು. ಒಬ್ಬನೇ ಬಿಗಿದೆ. ಮೇಲಿನದೂ ಜೊತೆಗೆ ತಿರುಗಿ ವಾಷರ್ ಮಡಚ್ಕೊಂಡಿದೆ. ಆವಾಗ ಗೊತ್ತಾಗಲಿಲ್ಲ. ನೀನು ಆಸ್ಪತ್ರೇಲಿದ್ದಾಗ ಬಂದು ಹಲಗೆ ತೆಗೆದು ನೋಡ್ದೆ. ನೀರು ಅಡಿಯಿಂದ ಹೊರಗೆ ಹರಿದಿತ್ತು. ನೀನು ಚೆಲ್ಲಿದ್ದಲ್ಲ ಅದು."

ಅವಳ ಕೈಯಿಂದ ಇಕ್ಕಳ ಜಾರಿ ಟಬ್ಬಿನಲ್ಲಿ ಬಿತ್ತು.

"ಆವಾಗಲೇ ಗೊತ್ತಿತ್ತಾ?"

"ಗೊತ್ತಿತ್ತು. ಸರಿಮಾಡೋಣ ಅಂದ್ರೆ ಇದನ್ನ ಮುಟ್ಟೋಕೂ ಕೈ ಬರಲಿಲ್ಲ."

"ನಿನ್ನೆದುರು ಕೂತು ದಿನಾ ಅಳ್ತಿದ್ದೆನಲ್ಲ... ನಾನೇ ಕೊಂದೆ ಅಂತ." ಗಂಡನನ್ನು ಎಂದೂ ಏಕವಚನದಲ್ಲಿ ಕರೆಯದವಳಿಗೆ ಈಗ ಅದರ ಪರಿವೆಯೇ ಇರಲಿಲ್ಲ. "ಕೇಳ್ಕೊಂಡು ಸುಮ್ನೆ ಕೂತಿದ್ದೆಯಲ್ಲ ನೀನು. ಒಂದು ಮಾತು ಹೇಳೋಕೆ ಬಾಯಿ ಬರಲಿಲ್ವಾ?"

"ಹೇಳಿದ್ರೆ ನೀನು ಬಿಟ್ಟು ಹೋಗ್ತೀಯ ಅಂತ ಹೆದರಿದೆ. ಹೇಳದೆ ನಿನ್ನ ಮುಖ ನೋಡೋಕೂ ಆಗಲಿಲ್ಲ. ಅದಕ್ಕೆ ನಾನೇ ಹೋದೆ."

"ಹೇಡಿ."

"ಹೌದು."

ಅವಳು ಟಬ್ಬಿನಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಸಿಟ್ಟಿಗೆ ಅತ್ತಳು. ಸುಮ್ಮಸುಮ್ಮನೆ ತನ್ನನ್ನೇ ಶಪಿಸಿಕೊಂಡ ರಾತ್ರಿಗಳಿಗಾಗಿ ಅತ್ತಳು. ನಡುವೆ ಎದೆಯ ಮೇಲಿದ್ದ ಚಪ್ಪಡಿ ಸರಿದಂತಾಗಿ ಉಸಿರು ಸಲೀಸಾಯಿತು. ಹಾಗೆ ಸಲೀಸಾದದ್ದಕ್ಕೂ ನಾಚಿಕೆಯಾಗಿ ಇನ್ನಷ್ಟು ಅಳು ಬಂತು.

ಟಬ್ಬಿನ ಆಚೆಯಿಂದಲೂ ಸದ್ದು ಕೇಳಿಸಿತು. ಅವನು ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುತ್ತಿದ್ದ.

ತಾನು ಇಳಿಸಿದ ಭಾರ ಅವನ ಎದೆಯ ಮೇಲಿದೆ ಎಂದು ಅವಳಿಗೆ ಆಗ ತಿಳಿಯಿತು. ಅದು ಎಷ್ಟು ಭಾರವೆಂದು ಹೊತ್ತವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಲು ಊದಿದವಳನ್ನು ಬಗ್ಗಿಸಬಾರದೆಂದು ಒಬ್ಬನೇ ನೆಲದಲ್ಲಿ ಮಲಗಿದ ಮನುಷ್ಯ... ಮಾಡಿದ ತಪ್ಪು ಅದಲ್ಲ. ಆಮೇಲೆ ಬಾಯಿ ಮುಚ್ಚಿಕೊಂಡದ್ದು. ಅದನ್ನು ಅವಳು ಇವತ್ತೇ ಕ್ಷಮಿಸಲಾರಳು. ನಾಳೆಯೂ ಆಗಲಿಕ್ಕಿಲ್ಲ.

ಮುಖ ಒರೆಸಿಕೊಂಡು ಇಕ್ಕಳ ಎತ್ತಿಕೊಂಡಳು.

"ಬಿಗೀರಿ. ಹಿಡ್ಕೊಂಡಿದ್ದೀನಿ."

ಅವನು ಬಿಗಿದ. ಜಾಲರಿ ತಿರುಗಲು ಎಳೆಯಿತು, ಅವಳು ಬಿಡಲಿಲ್ಲ. ನೀರು ತುಂಬಿಸಿ, ಖಾಲಿ ಮಾಡಿ, ಪೈಪಿನ ಸುತ್ತ ಒಣಬಟ್ಟೆ ಒತ್ತಿ ನೋಡಿದರು. ಬಟ್ಟೆ ಒಣಗಿಯೇ ಇತ್ತು.

ಅವನು ಚೀಲ ಕಟ್ಟಿದ. "ಅಕ್ಕನ ಮನೆಗೆ ಸಾಮಾನು ಸಾಗಿಸೋಕೆ ಗಾಡಿ ಬೇಕಿದ್ರೆ..."

"ಅಕ್ಕನಿಗೆ ಬರಲ್ಲ ಅಂತ ಫೋನ್ ಮಾಡ್ತೀನಿ."

ಅವನು ನಂಬದವನಂತೆ ನಿಂತ.

"ನನಗೆ ಸಿಟ್ಟು ಹೋಗಿಲ್ಲ," ಎಂದಳು ಅವಳು. "ಬೈತೀನಿ. ಎಷ್ಟೋ ದಿನ ಬೈತೀನಿ. ಎದುರಿಗೆ ಕೂತು ಬೈಸ್ಕೋಬೇಕು ನೀವು. ಅಂಗಡಿಗೆ ಓಡಿ ಹೋಗೋ ಹಾಗಿಲ್ಲ."

"ಇಲ್ಲ. ಹೋಗಲ್ಲ."

ಒದ್ದೆ ಸೀರೆಯಲ್ಲೇ ಅವಳು ಗೋಡೆಗೆ ಒರಗಿ ಕೂತಳು. ಅವನೂ ಸ್ವಲ್ಪ ದೂರದಲ್ಲಿ ಕೂತ. ಇಷ್ಟು ಕಾಲವೂ ಗಂಟಲವರೆಗೆ ಬಂದು ಹಿಂದೆ ಹೋಗುತ್ತಿದ್ದ ಮಾತು ಈಗ ಅವಳ ಬಾಯಿಗೆ ಬಂತು.

"ನನಗೆ ಎಚ್ಚರ ಆಗೋಷ್ಟರಲ್ಲಿ ಮಗೂನ ತಗೊಂಡು ಹೋಗಿದ್ರಿ. ನೀವು ಅವಳ ಮುಖ ನೋಡಿದ್ರಾ?"

"ನೋಡ್ದೆ. ಎತ್ಕೊಂಡಿದ್ದೆ."

"ಯಾರ ಥರ ಇದ್ಲು?"

ಅವನು ಎರಡು ಅಂಗೈಗಳನ್ನು ಜೋಡಿಸಿ ಅವಳೆದುರು ಹಿಡಿದ. "ಇಷ್ಟೇ ಇದ್ಲು. ಮೂಗು ನಿಂದೇ. ತಲೆ ತುಂಬ ಕೂದಲಿತ್ತು ಕಣೇ."

ಅವಳು ಹತ್ತಿರ ಸರಿದು, ಆ ಖಾಲಿ ಅಂಗೈಗಳ ಮೇಲೆ ಮುಖವಿಟ್ಟಳು.

"ಇನ್ನೂ ಹೇಳಿ," ಎಂದಳು.